ಬಿಟ್ಟುಕೊಟ್ಟ ವೋಟು

"ಇದನ್ನ ಒರೆಸ್ಬಹುದಾ?"

ಚೈತ್ರ ಅನುಮತಿಯನ್ನೇನೂ ಕೇಳಿರಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಬೋರ್ಡಿನ ಮೇಲಿದ್ದ 'ಪೈಥಾನ್' ಅರ್ಧ ಅಳಿಸಿಹೋಗಿತ್ತು.

ಬರೆದವನು ಪಕ್ಕದಲ್ಲೇ ನಿಂತಿದ್ದ. ದಾಸರಹಳ್ಳಿಯ ಉಮೇಶ್. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

"ಒರೆಸಿ. ಯಾಕೆ ಅಂತ ಹೇಳಿ ಒರೆಸಿ," ಎಂದ ಅವನು ತಣ್ಣಗೆ.

ಒರೆಸುತ್ತಿದ್ದ ಅವಳ ಕೈ ನಿಂತಿತು.

ಗಂಗಾನಗರದ ಟ್ಯೂಷನ್ ಸೆಂಟರೊಂದರ ಮಹಡಿಯಲ್ಲಿ ಆ ಭಾನುವಾರ ಸೇರಿದ್ದವರೆಲ್ಲ ವಾರವಿಡೀ ಸಂಬಳಕ್ಕೆ ಕೋಡ್ ಬರೆಯುವವರು. ಇಲ್ಲಿಗೆ ಪುಕ್ಕಟೆ ಬರೆಯಲು ಬಂದಿದ್ದರು. ತುರ್ತಾಗಿ ರಕ್ತ ಬೇಕಾದವರಿಗೆ ಹತ್ತಿರದ ದಾನಿಯನ್ನು ಹುಡುಕಿಕೊಡುವ ಆ್ಯಪ್ ಅದು. ಅವರನ್ನು ಒಟ್ಟುಗೂಡಿಸಿದವಳು ಆರ್.ಟಿ. ನಗರದ ರೂಬಿ. ಆ್ಯಪ್‌ನ ಹೆಸರು, ಬಣ್ಣ, ಎಲ್ಲರ ಟೀ ಶರ್ಟಿನ ಅಳತೆ ಕೂಡ ತೀರ್ಮಾನವಾಗಿತ್ತು. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವುದು ಎಂಬ ಸಣ್ಣ ವಿಷಯ ಬಾಕಿ ಇತ್ತು.

ಚೈತ್ರ ರಸ್ಟ್ ಕಡೆ. ಕಲಿಯಲು ಕಷ್ಟದ ಭಾಷೆ, ಆದರೆ ಎಷ್ಟೋ ತಪ್ಪುಗಳನ್ನು ಆರಂಭದಲ್ಲೇ ಹಿಡಿದು ನಿಲ್ಲಿಸುತ್ತದೆ. ಉಮೇಶನ ಪೈಥಾನ್ ಎಲ್ಲರಿಗೂ ಬರುವಂಥದ್ದು, ಸಲೀಸು. ತಪ್ಪಿದ್ದರೂ ಹೂಂಗುಟ್ಟುತ್ತ ನಡೆದು ಆಮೇಲೆ ಎಡವುತ್ತದೆ.

ಭಾನುವಾರಗಳು ಉರುಳಿದವು. ಒಂದು ಸಾಲೂ ಬರೆದಾಗಲಿಲ್ಲ. ತನ್ನ ಮನೆಯಲ್ಲಿ ಮದುವೆ ಮಾತುಕತೆಯೂ ಇಷ್ಟು ಎಳೆದಿರಲಿಲ್ಲ ಎಂದು ರೂಬಿ ಗೊಣಗಿದಳು.

ಚೈತ್ರಳಿಗೆ ಮಾತ್ರ ಅದು ಬೇಸರ ತರಲಿಲ್ಲ. ಯಲಹಂಕದ ಪಕ್ಕದ ಕೋಗಿಲಿನಲ್ಲಿ ಹೊಲವಿದ್ದ ಜಾಗದಲ್ಲೆಲ್ಲ ಕಟ್ಟಡ ಎಬ್ಬಿಸಿದ ಅಪ್ಪ ಚಿಕ್ಕಬೈರಪ್ಪ, ಅವಳು ವಾದಕ್ಕೆ ನಿಂತರೆ "ಆಯ್ತು ಕಣವ್ವ, ನೀನ್ ಏಳಿದ್ದೇ ಸರಿ" ಎಂದು ತಲೆ ಸವರಿ, ಮರುದಿನ ತನಗೆ ತೋಚಿದ್ದನ್ನೇ ಮಾಡುತ್ತಿದ್ದರು. ಉಮೇಶ್ ಹಾಗಲ್ಲ. ಕೊನೆಯವರೆಗೂ ಕೇಳುತ್ತಿದ್ದ. ಕೇಳಿದ ಮೇಲೆ, 'ಇಲ್ಲ' ಎನ್ನುತ್ತಿದ್ದ.

ಸೋಮವಾರದಿಂದಲೇ ಅವಳು ಮುಂದಿನ ಭಾನುವಾರಕ್ಕೆ ವಾದ ಜೋಡಿಸಿಕೊಳ್ಳುತ್ತಿದ್ದಳು. ವಾದಕ್ಕೆ ಹೊಸ ಕುರ್ತಾ ಏಕೆ ಬೇಕಾಯಿತು ಎಂದು ಅವಳೂ ಯೋಚಿಸಲಿಲ್ಲ.

ಕಡೆಗೆ ರೂಬಿ ವೋಟಿಗೆ ಹಾಕಿದಳು. ಎರಡೂ ಕಡೆ ಸಮ ಬಂತು. ಉಳಿದದ್ದು ಉಮೇಶ್ ಒಬ್ಬನೇ. ಅವನ ವೋಟು ಎತ್ತ ಎಂಬುದು ಎಲ್ಲರಿಗೂ ಗೊತ್ತಿತ್ತು.

"ರಸ್ಟ್," ಎಂದ ಅವನು. "ಚೈತ್ರ ಹೇಳಿದ್ದೇ ಆಗ್ಲಿ ಬಿಡಿ."

ಹಿಂದಿನ ಸಾಲಿನಿಂದ ಯಾರೋ "ಮಚ್ಚಾ..." ಎಂದು ರಾಗ ಎಳೆದರು. ಕೋಣೆಯೆಲ್ಲ ನಕ್ಕಿತು.

ಗೆದ್ದಿದ್ದಳು. ಆದರೆ ಅವಳ ಮುಖ ಕಪ್ಪಿಟ್ಟಿತು. 'ಇವನೂ ಅಪ್ಪನ ಹಾಗೇನಾ... ನನ್ನ ಮಾತು ಸರಿ ಅನ್ನಿಸಿ ಒಪ್ಪಲಿಲ್ಲ. ಹುಡುಗಿ ಸುಮ್ಮನಾಗಲಿ ಅಂತ ಬಿಟ್ಟುಕೊಟ್ಟ.'

ಮುಂದಿನ ಭಾನುವಾರ ಅವಳು ಬರಲಿಲ್ಲ. ವಾಟ್ಸಾಪ್ ಗುಂಪನ್ನೂ ಬಿಟ್ಟಳು. ಉಮೇಶ್ ಕಳಿಸಿದ ಸಂದೇಶಗಳನ್ನು ಓದಿದಳು, ಮತ್ತೆ ಓದಿದಳು, ಉತ್ತರಿಸಲಿಲ್ಲ. ಇತ್ತ ಉಳಿದವರು ತಮಗೆ ಬಾರದ ರಸ್ಟ್‌ನೊಡನೆ ಗುದ್ದಾಡಿ ಒಬ್ಬೊಬ್ಬರೇ ಜಾರಿಕೊಳ್ಳತೊಡಗಿದರು.

ಉಮೇಶನಿಗೆ ತನ್ನ ತಪ್ಪೇ ತಿಳಿಯಲಿಲ್ಲ. ರೂಬಿಯೇ ಹೇಳಬೇಕಾಯಿತು.

"ಅವ್ಳಿಗೆ ನಿನ್ ವೋಟ್ ಬೇಕಿರ್ಲಿಲ್ಲ ಕಣೋ. ನೀನು ನಿಜವಾಗ್ಲೂ ಒಪ್ಬೇಕಿತ್ತು. ಒಪ್ದೇನೆ ಹೂವಿನ ಥರ ವೋಟ್ ಕೊಟ್ಟೆ."

ಆಮೇಲೆ ಅವನು ಕಳಿಸಿದ ಸಂದೇಶದಲ್ಲಿ ಕ್ಷಮೆ ಇರಲಿಲ್ಲ. ಅವಳ ಆಯ್ಕೆ ತಪ್ಪೆಂದೂ, ಅದನ್ನು ಎದುರಿಗೇ ಹೇಳಬೇಕೆಂದೂ ಬರೆದಿದ್ದ.

ಉತ್ತರ ತಕ್ಷಣ ಬಂತು. ಯಲಹಂಕ ನ್ಯೂ ಟೌನಿನ ದರ್ಶಿನಿ ಹೋಟೆಲಿಗೆ ಕರೆದಿದ್ದಳು.

ಅಲ್ಲಿ ಕೂರಲು ಜಾಗವಿರಲಿಲ್ಲ. ಇಬ್ಬರೂ ಕಾಫಿ ಲೋಟಗಳ ಆಚೀಚೆ ನಿಂತರು.

"ಗುಂಪಲ್ಲಿ ರಸ್ಟ್ ಬರೋದು ನಿಮಗೊಬ್ರಿಗೆ," ಎಂದ ಉಮೇಶ್. "ನಿಮಗೆ ಜ್ವರ ಬಂದ ದಿನ ಆ್ಯಪ್ ಕೆಟ್ರೆ ಸರಿ ಮಾಡೋರ್ ಯಾರು? ಇಲ್ಲಿ ಪೈಥಾನೇ ಸರಿ. ಅವತ್ತೂ ನನಗೆ ಹಾಗೇ ಅನ್ಸಿತ್ತು."

"ನಿಮ್ ಪೈಥಾನ್ ತಪ್ಪು ದಾನಿಗೆ ಕರೆ ಕಳಿಸಿದ್ರೆ? ಆಸ್ಪತ್ರೇಲಿ ಯಾರದೋ ಅಮ್ಮ ಕಾಯ್ತಿರ್ತಾರೆ ಉಮೇಶ್."

ವಾದ ನಡೆಯಿತು. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರು ಗಂಡಹೆಂಡತಿ ಜಗಳವೆಂದು ತಿಳಿದು ತಟ್ಟೆ ಎತ್ತಿಕೊಂಡು ದೂರ ಸರಿದರು. ಕೊನೆಗೆ ಚೈತ್ರ ತಲೆಯಾಡಿಸಿದಳು. ಅವನ ಮಾತು ಸರಿ ಎನ್ನಿಸಿತ್ತು. ಸೋಲು ಇಷ್ಟು ಹಗುರವಾಗಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

"ಪೈಥಾನ್ ಆಗ್ಲಿ. ಆದ್ರೆ ಪ್ರತಿ ಸಾಲನ್ನೂ ನಾನು ಪರೀಕ್ಷೆ ಮಾಡ್ತೀನಿ. ಪಾಸಾಗದೆ ಒಳಗೆ ಬಿಡಲ್ಲ."

"ಒಪ್ಪಿದೆ. ಈ ಸಲ ನಿಜವಾಗ್ಲೂ."

"ಅವತ್ತು ಯಾಕೆ ಹಾಗೆ ಮಾಡಿದ್ರಿ?"

ಅವನು ಲೋಟದ ಅಂಚು ಸವರಿದ. "ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಧೈರ್ಯ ಸಾಲಲಿಲ್ಲ. ವೋಟ್ ಹಾಕೋದು ಸುಲಭ ಇತ್ತು."

ಅವಳ ಕಣ್ಣು ತುಂಬಿತು...

"ಇನ್ಮೇಲೆ?"

"ಇನ್ಮೇಲೆ ಒಪ್ದೇ ಇದ್ರೆ ಜಗಳ ಆಡ್ತೀನಿ."

"ಜೀವನ ಪೂರ್ತಿ?" ಮಾತು ಬಾಯಿಂದ ಜಾರಿದ ಮೇಲೆ ಅವಳ ಕಿವಿ ಕೆಂಪಾಯಿತು.

"ನೀವು ಜೊತೆಗಿದ್ರೆ."

"ಮೊದ್ಲು ಈ 'ನೀವು' ಬಿಡು. ಜಗಳಕ್ಕೆ ಸರಿಹೋಗಲ್ಲ."

ಅವನು ಮೊದಲ ಬಾರಿಗೆ ತಡವರಿಸಿದ.

"ಚೈತ್ರ... ನಿನ್ ಕಾಫಿ ಆರ್ತಾ ಇದೆ."

"ಆರ್ಲಿ," ಎಂದಳು ಅವಳು, ಅವನಿಂದ ಕಣ್ಣು ಕೀಳದೆ.