ಕೊನೆಯ ಸಾಲಿನಿಂದ ಕಂಡ ಮುಖ

"ಒರೆಸಿಬಿಡಿ."

ಅವನು ಅವಳಿಗೆ ಹೇಳಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಪರಿಚಯ ಇಲ್ಲ. ಒದ್ದೆ ಟಿಶ್ಯೂ ಹಿಡಿದ ಕೈಯನ್ನು ಅವಳ ಮೂಗಿನ ಮುಂದೆ ಚಾಚಿ ನಿಂತಿದ್ದ.

ಅವಳಿಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆಯಿಂದ ತಂಗಿಯ ಮುಖದ ಮುಂದೆ ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಗಿತ್ತು. ನೃತ್ಯತಂಡದವರೆಲ್ಲ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅವಳು ಮೇಕಪ್ ಮಾಡಿದ ಮುಖವನ್ನು ಒರೆಸು ಎನ್ನುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಇವನೋ, ಇವತ್ತಷ್ಟೇ ಕಂಡ ಈ ಸ್ಟುಡಿಯೋದ ಫೋಟೋಗ್ರಾಫರ್.

"ಏನನ್ನ ಒರೆಸಬೇಕು?"

"ಮುಖದ ಮೇಲಿರೋದನ್ನ. ನೀವು ಕೊನೇ ಸಾಲಲ್ಲಿ ಕೂತವರಿಗೆ ಕಾಣೋ ಹಾಗೆ ಬಣ್ಣ ಹಾಕಿದ್ದೀರಿ. ನನ್ನ ಕ್ಯಾಮೆರಾ ಮೊದಲನೇ ಸಾಲಿಗಿಂತ ಮುಂದಿದೆ."

"ನೀವು ಬಟನ್ ಒತ್ತಿ ಸಾಕು. ಬಣ್ಣದ ಚಿಂತೆ ನನಗಿರಲಿ."

ಅವಳ ಚಿಂತೆಗೆ ಕಾರಣವಿತ್ತು. ಹೊಸ ನೃತ್ಯರೂಪಕದ ನಾಯಕಿಯನ್ನು ಆರಿಸುವವರು ಹೊರಗಿನವರು. ಮೊದಲು ಮುಖದ ಫೋಟೋ ನೋಡುತ್ತಾರೆ, ಹಿಡಿಸಿದರೆ ಮಾತ್ರ ಕುಣಿಯಲು ಕರೆಯುತ್ತಾರೆ. ತಂಗಿ ವರ್ಷಗಟ್ಟಲೆ ಹಿಂದಿನ ಸಾಲಿನಲ್ಲೇ ಕುಣಿದವಳು. ಇನ್ನೊಂದು ಅವಕಾಶ ಬರುವಷ್ಟರಲ್ಲಿ ವಯಸ್ಸು ಮೀರಿರುತ್ತದೆ.

ಅವನು ಹೆಗಲು ಕುಣಿಸಿ ದೀಪವನ್ನು ಪಕ್ಕಕ್ಕೆ ಎಳೆದುಕೊಂಡ. ಫೋಟೋ ತೆಗೆದ. ಕಂಪ್ಯೂಟರ್ ಪರದೆಯ ಮೇಲೆ ತಂಗಿಯ ಮುಖ ದೊಡ್ಡದಾಗಿ ಮೂಡಿತು.

ವೇದಿಕೆಯ ಮೇಲೆ ಅಷ್ಟು ಚಂದ ಕಾಣುವ ಹುಬ್ಬು ಇಲ್ಲಿ ಅಂಟಿಸಿದಂತಿತ್ತು. ಕೆನ್ನೆ ಈಗಷ್ಟೇ ಸುಣ್ಣ ಹೊಡೆದ ಗೋಡೆ. ಅದೂ ಹೋಗಲಿ ಎಂದರೆ... ಎಡಗೆನ್ನೆಯ ಮೇಲೆ, ಹಚ್ಚಿದ ಬಣ್ಣದ ಅಂಚು ನೆರಳು ಬಿಟ್ಟು, ಗೋಡೆ ಬಿರುಕು ಬಿಟ್ಟ ಹಾಗೆ ಒಂದು ಗೆರೆ!

ಆ ಗಾಯದ ಗುರುತನ್ನು ಅವಳು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿದ್ದಳು. ಮೇಕಪ್ ಕಲಿತದ್ದೇ ಅದಕ್ಕಾಗಿ. ಓಡಿ ಬಂದು ಪರದೆಗೆ ಅಡ್ಡ ನಿಂತಳು.

"ಬೇಕಂತಲೇ ದೀಪ ಪಕ್ಕಕ್ಕಿಟ್ರಿ."

"ನನಗೇನು ಹಗೆ ನಿಮ್ಮ ಮೇಲೆ? ಮುಖಕ್ಕೆ ಗಾರೆ ಮೆತ್ತಿದ್ರೆ ಗಾರೆನೇ ಕಾಣೋದು."

ಆಮೇಲೆ ಇಬ್ಬರೂ ಬಾಯಿಗೆ ಬಂದಂತೆ ಆಡಿಕೊಂಡರು. ಇವನನ್ನು ಬದಲಾಯಿಸಿ ಎಂದು ಅವಳು ತಂಡದ ಮೇಡಂ ಹತ್ತಿರ ಹೋದರೆ, ಮೇಡಂ ಕನ್ನಡಕದ ಮೇಲಿಂದ ನೋಡಿ, ನಾಳೆ ಸಂಜೆಯೊಳಗೆ ಫೋಟೋ ಕಳಿಸಬೇಕು, ಬೆಳಿಗ್ಗೆ ಇಬ್ಬರೂ ಸೇರಿ ಮತ್ತೆ ತೆಗೆಯಿರಿ ಎಂದು ಮಾತು ಮುಗಿಸಿದರು. ಅವಳಿಗೆ ಊಟ ಸೇರಲಿಲ್ಲ. ತಂಗಿ ಮಾತ್ರ ಚೆನ್ನಾಗಿ ಉಂಡಳು.

ಮರುದಿನ ಅವಳು ಮುಖ ಗಂಟಿಕ್ಕಿಕೊಂಡೇ ಸ್ಟುಡಿಯೋಗೆ ಬಂದಳು. ದೀಪ ಆಗಲೇ ಮುಂದಕ್ಕೆ ಬಂದಿತ್ತು. ಅದರ ಮೇಲೆ ಬಿಳಿ ಬಟ್ಟೆ ಹೊದಿಸಿ ಬೆಳಕನ್ನು ಮೆತ್ತಗೆ ಮಾಡಿದ್ದ.

"ಆ ಗುರುತಿನ ವಿಷಯ ನಿನ್ನೆ ಹೇಳಬಹುದಿತ್ತು," ಎಂದ, ಅವಳ ಕಡೆ ನೋಡದೆ.

"ನಿಮಗ್ಯಾಕೆ ಹೇಳಬೇಕು? ನೀವು ಯಾರು?"

"ಯಾರೂ ಅಲ್ಲ. ಆದ್ರೆ ದೀಪ ಎಲ್ಲಿಡಬೇಕು ಅಂತ ನನಗೆ ಗೊತ್ತಾಗ್ತಿತ್ತು."

ಅವನ ಮಾತು ಸರಿಯಾಗಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ತಂಗಿ ಬಟ್ಟೆ ಬದಲಿಸುವಷ್ಟರಲ್ಲಿ ಬೆಳಕು ಸರಿಮಾಡಿಕೊಳ್ಳಲು ಕುರ್ಚಿಯಲ್ಲಿ ಯಾರಾದರೂ ಕೂರಬೇಕಿತ್ತು. ಅವಳು ಕೂತಳು. ಅವಳ ಮುಖದ ಮೇಲೆ ಪೌಡರು ಕೂಡ ಇರಲಿಲ್ಲ.

"ನೀವು ಯಾಕೆ ಏನೂ ಹಚ್ಚಲ್ಲ?"

"ನನ್ನನ್ನ ಯಾರು ನೋಡ್ತಾರೆ?"

ಅವನು ಕ್ಯಾಮೆರಾದ ಹಿಂದೆ ಬಗ್ಗಿದ. ಆಮೇಲೆ ಕ್ಲಿಕ್ ಎಂದಿತು.

ಅವಳು ದಡಕ್ಕನೆ ಎದ್ದಳು. "ಅಳಿಸಿ ಅದನ್ನ."

ಅವನು ವಾದ ಮಾಡಲಿಲ್ಲ. ಕ್ಯಾಮೆರಾ ಅವಳ ಕಡೆ ತಿರುಗಿಸಿ, ಅವಳ ಕಣ್ಣೆದುರೇ ಅಳಿಸಿದ. ಅಳಿಸುವ ಮೊದಲು ಒಂದು ಗಳಿಗೆ ಅವಳಿಗೂ ಕಂಡಿತು... ಇದು ನಾನಾ? ಎಷ್ಟು ದಣಿದಿದ್ದೇನೆ... ಆದರೂ ಚೆನ್ನಾಗಿದ್ದೇನಲ್ಲ!

ತಂಗಿ ಬಂದು ಕೂತಳು. ಬೆರಳ ತುದಿಯಲ್ಲಿ ತೆಳ್ಳಗೆ ಬಣ್ಣ, ಪರದೆ ನೋಡು, ಹುಬ್ಬಿನ ಕಪ್ಪನ್ನು ತೀಡಿ ಮೆತ್ತಗೆ ಮಾಡು, ಮತ್ತೆ ಪರದೆ ನೋಡು. ಪ್ರತಿಯೊಂದಕ್ಕೂ ಜಗಳ. ತುಟಿಯ ಕೆಂಪು ಜಾಸ್ತಿ ಎಂದು ಅವನು, ನೀವೇ ಹಚ್ಚಿ ಎಂದು ಅವಳು. ನಡುನಡುವೆ ಅವಳು ಹಿಂದೆ ಹಿಂದೆ ಸರಿದು ಬಾಗಿಲವರೆಗೂ ಹೋಗಿ, ಕಣ್ಣು ಕಿರಿದು ಮಾಡಿ ತಂಗಿಯನ್ನು ನೋಡುತ್ತಿದ್ದಳು. ವೇದಿಕೆಯ ಬಣ್ಣವನ್ನು ಕೊನೆಯ ಸಾಲಿನಿಂದಲೇ ನೋಡಿ ತೀರ್ಮಾನಿಸಬೇಕು, ಅವಳಿಗೆ ಅದೇ ರೂಢಿ.

"ಅಲ್ಲಿಂದ ಏನು ಕಾಣುತ್ತೆ? ಇಲ್ಲಿ ಬನ್ನಿ. ನೀವು ಯಾರನ್ನೂ ಹತ್ತಿರದಿಂದ ನೋಡೋದೇ ಇಲ್ವಾ?"

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅವಳು ಬಂದು, ಹಟಕ್ಕೆ ಬಿದ್ದವಳಂತೆ ಎಡಗೆನ್ನೆಗೆ ಬಣ್ಣ ಬಳಿಯತೊಡಗಿದಳು. ಒಂದು ಪದರ, ಅದರ ಮೇಲೆ ಇನ್ನೊಂದು ಪದರ.

ತಂಗಿಯೇ ಅವಳ ಮಣಿಕಟ್ಟು ಹಿಡಿದಳು.

"ಸಾಕು ಅಕ್ಕಾ. ನೀನು ತಳ್ಳಿದ ಗೇಟು ನನ್ನ ಕೆನ್ನೆಗೆ ಬಡಿದಾಗ ನೀನೂ ಚಿಕ್ಕವಳು. ನಾನು ಹಿಂದೆ ನಿಂತಿದ್ದು ನಿನಗೆಲ್ಲಿ ಕಾಣಬೇಕು? ನಾನಂತೂ ಅದನ್ನ ಮರೆತು ಎಷ್ಟೋ ಕಾಲ ಆಯ್ತು. ದಿನಾ ನೆನಪಿಸೋದು ನಿನ್ನ ಬೆರಳೇ."

ಅಕ್ಕನ ಕೈ ಅಲ್ಲೇ ನಿಂತಿತು. ಮರೆಮಾಚಿದ್ದು ತಂಗಿಯ ಗಾಯವನ್ನಲ್ಲ, ತನ್ನ ತಪ್ಪನ್ನು ಎಂದು ಅವಳಿಗೆ ಗೊತ್ತಿಲ್ಲದೇ ಏನಿರಲಿಲ್ಲ. ಫೋಟೋಗ್ರಾಫರ್ ಅವರಿಗೆ ಬೆನ್ನು ತಿರುಗಿಸಿ, ಸರಿಯಾಗೇ ಇದ್ದ ದೀಪವನ್ನು ಸರಿಮಾಡುತ್ತ ನಿಂತುಬಿಟ್ಟ. ಆ ಒರಟನಿಗೆ ಇಷ್ಟು ಸೂಕ್ಷ್ಮ ಎಲ್ಲಿಂದ ಬಂತೋ!

ಅವಳು ಅವನ ಬೆನ್ನಿನ ಕಡೆಗೆ ಕೈ ಚಾಚಿದಳು.

"ಆ ಟಿಶ್ಯೂ ಕೊಡಿ."

ಸಂಜೆ ಕಳಿಸಿದ ಫೋಟೋದಲ್ಲಿ ಗೆರೆ ತೆಳ್ಳಗೆ ಕಾಣುತ್ತಿತ್ತು. ಆದರೆ ನೋಡಿದವರ ದೃಷ್ಟಿ ತಂಗಿಯ ಕಣ್ಣುಗಳಲ್ಲೇ ನಿಲ್ಲುತ್ತಿತ್ತು.

ಆಯ್ಕೆಯವರು ಫೋನು ಮಾಡಿದ ದಿನ ಅವಳು ಯಾರಿಗೂ ಹೇಳದೆ ಸ್ಟುಡಿಯೋಗೆ ಹೋದಳು. ಅವನು ದೀಪ ಒರೆಸುತ್ತಿದ್ದ.

"ತಂಗೀನ ಕುಣಿಯೋಕೆ ಕರೆದಿದ್ದಾರೆ."

"ಸಂತೋಷ. ಫೋನಲ್ಲೇ ಹೇಳಬಹುದಿತ್ತು."

"ಹೇಳಬಹುದಿತ್ತು. ಗಾರೆ ಅಂದಿರಲ್ಲ, ಅದನ್ನ ನಾನಿನ್ನೂ ಮರೆತಿಲ್ಲ ಅಂತ ಎದುರಿಗೇ ಹೇಳೋಣ ಅಂತ ಬಂದೆ."

ಅವನು ಬಟ್ಟೆ ಕೆಳಗಿಟ್ಟ. "ತಪ್ಪಾಯ್ತು. ನಾನೂ ಒಂದು ಹೇಳಬೇಕು. ಅಳಿಸಿದ ಫೋಟೋ ಕ್ಯಾಮೆರಾದಿಂದ ಹೋಯ್ತು, ನನ್ನ ತಲೆಯಿಂದ ಹೋಗ್ತಿಲ್ಲ. ನೀವು ನನಗೆ ಇಷ್ಟ. ಜಗಳ ಆಡೋವಾಗಲೂ ಇಷ್ಟ."

ರೂಢಿಯಂತೆ ಅವಳ ಕಾಲುಗಳು ಹಿಂದೆ ಹಿಂದೆ ಸರಿದು ಬಾಗಿಲು ಮುಟ್ಟಿದವು. ಅವನ ಮುಖ ಬಾಡಿತು.

"ಹೋಗ್ತಿದ್ದೀರಾ?"

"ಇಲ್ಲ." ಅವಳು ಕಣ್ಣು ಕಿರಿದು ಮಾಡಿದಳು. "ದೂರದಿಂದ ಹೇಗೆ ಕಾಣ್ತೀರಿ ಅಂತ ನೋಡ್ತಿದ್ದೀನಿ."

"ಹೇಗೆ ಕಾಣ್ತೀನಿ?"

"ಜಗಳಗಂಟನ ಥರ."

ಹೇಳಿ, ನೇರವಾಗಿ ನಡೆದುಬಂದು, ದೀಪದ ಮುಂದಿನ ಕುರ್ಚಿಯಲ್ಲಿ ಕೂತಳು. ಅವತ್ತೂ ಮುಖಕ್ಕೆ ಏನೂ ಹಚ್ಚಿರಲಿಲ್ಲ.

"ಮತ್ತೆ... ಹತ್ತಿರದಿಂದ?" ಅವನು ಮೆಲ್ಲಗೆ ಕೇಳಿದ.

"ಬನ್ನಿ, ನೋಡಿ ಹೇಳ್ತೀನಿ. ಅದಕ್ಕೆ ಮೊದಲು ಆ ಫೋಟೋ ಇನ್ನೊಂದು ಸಲ ತೆಗೀರಿ. ಈ ಸಲ ಅಳಿಸೋದು ಬೇಡ."