ಕಾರಿನಡಿ ಮೊಳೆತ ಭತ್ತ

ಗಂಗಾವತಿಯ ಅಕ್ಕಿ ಗಿರಣಿ ಮಾಲೀಕ ಶರಣಬಸಪ್ಪ ಜರ್ಮನಿ ಕಾರು ಕೊಂಡ ದಿನದಿಂದ ಗ್ಯಾನಪ್ಪನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ಅವನಿಗೆ ಬೆಣ್ಣೆಯಂಥ ಕಾರು, ಇವನಿಗೆ ಕೆಮ್ಮುವ ಹಳೇ ಮಾರುತಿ. ಹಾಗಾಗಿ ಶರಣಬಸಪ್ಪನ ಡ್ರೈವರ್ ಮೌಲಾಹುಸೇನ ಒಂದು ಬೆಳಿಗ್ಗೆ ಬಂದು, ಆ ಕಾರಿನ ಮೈಲೇಜು ಬಿದ್ದುಹೋಗಿದೆ ಎಂದಾಗ ಗ್ಯಾನಪ್ಪನಿಗೆ ಒಳಗೊಳಗೇ ಹಿಗ್ಗಾಯಿತು.

ಮೌಲಾಹುಸೇನ ಬಂದದ್ದು ಗ್ಯಾನಪ್ಪನ ಬಳಿಗಲ್ಲ, ಅವನ ಮನೆಯ ಮಾಳಿಗೆ ಮೇಲೆ ಬಾಡಿಗೆಗಿದ್ದ ದುರ್ಗಾದೇವಿಯ ಬಳಿಗೆ. ಆಕೆ ಪೊಲೀಸ್ ಇಲಾಖೆಯಿಂದ ನಿವೃತ್ತರಾದರೂ ಊರಿನವರು ಆಕೆಯನ್ನು ನಿವೃತ್ತಿಯಾಗಲು ಬಿಟ್ಟಿರಲಿಲ್ಲ. ಗ್ಯಾನಪ್ಪ ಆಕೆಯ ಜೊತೆಗಾರ, ಮಾರುತಿಯ ಸಾರಥಿ.

"ಅಕ್ಕಾರ, ನಾ ಪೆಟ್ರೋಲ್ ಕದ್ದು ಮಾರತೀನಂತ್ರಿ. ನಿನ್ನಿ ಹಮಾಲರ ಮುಂದ, ಅಂಗಳದಾಗ ನಿಲ್ಲಿಸಿ ಕಳ್ಳ ಅಂದ್ರು. ಇವತ್ತ ಸಂಜಿಗೆ ಕೆಲಸಾ ಬಿಡಸ್ತಾರ. ಎಣ್ಣಿ ಕಳ್ಳ ಅಂತ ಹೆಸರು ಬಿತ್ತಂದ್ರ ಈ ಊರಾಗ ಯಾರು ಕೈಗೆ ಕೀಲಿ ಕೊಡ್ತಾರ್ರಿ?"

"ಕದ್ದೀಯೇನು?"

"ಮಗಳಾಣಿ ಇಲ್ರಿ."

"ಆಣಿ ಬ್ಯಾಡ. ನಡಿ, ಗಾಡಿ ನೋಡೂಣು," ಎಂದರು ದುರ್ಗಾದೇವಿ.

ಗಿರಣಿ ಭೋರೆನ್ನುತ್ತಿತ್ತು. ಏಪ್ರಿಲ್ ಬಿಸಿಲಿಗೆ ಅಂಗಳ ಹಂಚಿನಂತೆ ಕಾದಿತ್ತು. ಅದೇ ಅಂಗಳದಲ್ಲಿದ್ದ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಾರು ನಿಂತಿತ್ತು. ಶರಣಬಸಪ್ಪ ಒಳಗಿನಿಂದ ಕೀಲಿ ತರಿಸಿ ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡಿ ಪರದೆ ತೋರಿಸಿದ.

"ನೋಡ್ರಿ ಅಕ್ಕಾರ. ಮೊದಲ ಲೀಟರಿಗೆ ಹದಿನೈದು ತೋರಸ್ತಿತ್ತು, ಈಗ ಒಂಬತ್ತು. ಹುಬ್ಬಳ್ಳಿಗೆ ಒಯ್ದು ತೋರಿಸೀನಿ, ಎಂಜಿನ್ ಛಲೋ ಐತಂತ. ಗಾಡೀನ ಸಾಕ್ಷಿ ಹೇಳಾಕತ್ತೈತಿ, ಇನ್ನೇನು ಬೇಕು?"

ಪಕ್ಕದಲ್ಲಿ ಅವನ ಹೆಂಡತಿ ರಂಜಿತಾಳ ತಮ್ಮ ಯಂಕೇಶ ನಿಂತಿದ್ದ. "ಪೈಪ್ ಹಾಕಿ ಜಗ್ಗತಾನ್ರಿ ಇವ. ನನ್ನ ಕಡೆ ನಂಬಿಗಸ್ತ ಡ್ರೈವರ್ ಒಬ್ಬ ಅದಾನ, ನಾಳಿಂದನ ಕರಕೊಂಡು ಬರ್ತೀನಿ," ಎಂದ. ಇವನೇ ಕಳ್ಳ ಎಂದು ಗ್ಯಾನಪ್ಪ ಆ ಕ್ಷಣವೇ ತೀರ್ಮಾನಿಸಿಬಿಟ್ಟ.

ದುರ್ಗಾದೇವಿ ಬಗ್ಗಿ ಕಾರಿನಡಿ ನೋಡಿದರು. ಶೆಡ್ಡಿನ ನೆಲದ ತುಂಬ ತೌಡಿನ ಧೂಳು, ಸಿಡಿದು ಬಿದ್ದ ಒಣ ಭತ್ತ. ಮುಂದಿನ ಚಕ್ರಗಳ ನಡುವೆ ಮಾತ್ರ ಅಂಗೈ ಅಗಲದಷ್ಟು ಜಾಗದಲ್ಲಿ ಭತ್ತ ಮೊಳೆತು ಬಿಳಿಚಿದ ಸಸಿಯಾಗಿತ್ತು. ಆಕೆ ಎದ್ದು, "ಗ್ಯಾನಪ್ಪ, ಎಡಕ್ಕ ಕುಂತು ನೋಡು," ಎಂದರು.

ಗ್ಯಾನಪ್ಪ ಕೂತು ಬಾಗಿಲು ಎಳೆದುಕೊಂಡ. ಗಿರಣಿಯ ಸದ್ದು ಅಲ್ಲಿಗೇ ನಿಂತಿತು. ಎಸಿಯ ತಂಪು ಮುಖಕ್ಕೆ ಬಡಿಯಿತು. ಈ ಸುಖವೆಲ್ಲ ಗಣಿತದಲ್ಲಿ ಫೇಲಾದವನಿಗೆ! ಹೊಟ್ಟೆ ಉರಿಯಿತು, ಆದರೂ ಇಳಿಯಲು ಮನಸ್ಸಾಗಲಿಲ್ಲ. ದುರ್ಗಾದೇವಿ ಗಾಜು ತಟ್ಟಿದ ಮೇಲೆಯೇ ಇಳಿದ.

"ಏನರ ಕಂಡ್ತೇನು?"

"ಸೀಟಿಗೆ ಬಳ್ಳೊಳ್ಳಿ ಒಗ್ಗರಣಿ ವಾಸನಿ ಐತ್ರಿ ಅಕ್ಕಾರ."

"ನಿನ್ನ ಅಂಗೀದ ಇರಬೇಕು ನೋಡಲೇ," ಎಂದು ಶರಣಬಸಪ್ಪ ನಕ್ಕ.

ಊಟದ ಹೊತ್ತಾಗಿತ್ತು. ಮೌಲಾಹುಸೇನ ಎಂದಿನಂತೆ ತನ್ನ ಮನೆಗೆ ಉಣ್ಣಲು ಹೋದ. ಒಳಗೆ ಅತ್ತರಿನ ಘಮದ ರಂಜಿತಾ ಕಾರಿನ ಕೀಲಿಯನ್ನು ಮತ್ತೆ ದೇವರ ಜಗಲಿಯ ಮೇಲಿಟ್ಟು ಬಂದಳು.

"ಕೀಲಿ ಅಲ್ಲೇ ಇರತೈತೇನವಾ?" ಎಂದು ದುರ್ಗಾದೇವಿ ಕೇಳಿದರು.

"ಹೌದ್ರಿ, ಲಕ್ಷ್ಮಿ ಅಂತ ಅಲ್ಲೇ ಇಡ್ತೀವಿ. ಮೌಲಾ ಹೊಸ್ತಿಲ ಹೊರಗ ನಿಲ್ತಾನ, ನಾನ ಕೈಗೆ ಕೊಡ್ತೀನಿ. ಉಂಡಮ್ಯಾಗ ದೇವರ ಖೋಲಿಗೆ ಯಾರೂ ಹೋಗಂಗಿಲ್ರಿ, ಸಂಜೀಕ ಮತ್ತ ಜಳಕಾ ಮಾಡಿ ದೀಪಾ ಹಚ್ಚೂತನ."

ಶರಣಬಸಪ್ಪನ ಅಣ್ಣನ ಹೆಂಡತಿ ಯಂಕವ್ವ ಎಲ್ಲರಿಗೂ ಬಡಿಸಿದಳು. ಅಣ್ಣ ಗದ್ದೆ ನೋಡಿಕೊಳ್ಳುವವನು, ಮನೆಯಲ್ಲಿ ಇರುವುದೇ ಕಡಿಮೆ. "ನೀವೂ ಕುಂದರ್ರಿ," ಎಂದು ದುರ್ಗಾದೇವಿ ಅಂದಾಗ ಆಕೆ, "ನಂದು ಎಲ್ಲಾರದು ಆಗಿ, ಅವರು ಮಲಗೆದ್ದ ಮ್ಯಾಲ್ರಿ," ಎಂದು ಒಳಗೆ ಹೋದಳು.

ಸಂಜೆ ದೀಪ ಹಚ್ಚಿದ ಮೇಲೆ ದುರ್ಗಾದೇವಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು. ಮೌಲಾಹುಸೇನ ಬಾಗಿಲ ಬಳಿ ನಿಂತಿದ್ದ.

"ಶರಣಬಸಪ್ಪ, ಟ್ಯಾಂಕಿನಿಂದ ಎಣ್ಣಿ ಜಗ್ಗಿದ್ರ ಟ್ಯಾಂಕ್ ಖಾಲಿ ಆಗತೈತಿ. ಆದ್ರ ಪರದೆ ಮ್ಯಾಲಿನ ಮೈಲೇಜ್ ಬೀಳೂದಿಲ್ಲ. ಎಂಜಿನ್ ಸುಟ್ಟ ಎಣ್ಣೀನಷ್ಟ ಅದು ಎಣಸತೈತಿ, ಕದ್ದದ್ದು ಅದಕ್ಕ ಗೊತ್ತಾಗೂದಿಲ್ಲ. ನೀ ಕಳ್ಳತನಕ್ಕ ತೋರಿಸಿದ ಸಾಕ್ಷೀನ ಕಳ್ಳತನ ಆಗಿಲ್ಲ ಅಂತ ಹೇಳಾಕತ್ತಿತ್ತು."

"ಹಂಗಾರ ಎಣ್ಣಿ ಎಲ್ಲಿ ಹೋತ್ರಿ?"

"ಶೆಡ್ಡಿನಾಗ ನಿಂತಲ್ಲೇ ಸುಟ್ಟೈತಿ. ಗಾಡಿ ಅಡಿ ಭತ್ತ ಮೊಳತಾವ. ಅಲ್ಲಿ ನೀರು ಹಾಕಿದವರು ಯಾರು? ಎಸಿ. ತಿರುಗಾಡಿ ಬಂದು ನಿಂತಾಗ ನಾಕು ಹನಿ ಬೀಳ್ತಾವ, ಈ ಬಿಸಲಾಗ ಅಷ್ಟಕ್ಕ ಭತ್ತ ಸಸಿ ಆಗೂದಿಲ್ಲ. ದಿನಾ ತಾಸುಗಟ್ಟಲೆ ಎಂಜಿನ್ ಓಡೈತಿ, ಗಾಲಿ ಉರಳಿಲ್ಲ. ಸಪ್ಪಳ ಗಿರಣ್ಯಾಗ ಮುಚ್ಚಿ ಹೋಗೇತಿ."

"ಮೌಲಾನ ಎಸಿ ಹಚ್ಚಿ ಮಲಗಿರತಾನ್ರಿ!" ಎಂದ ಯಂಕೇಶ.

"ಕೀಲಿ ಜಗಲಿ ಮ್ಯಾಲ. ಅವ ಹೊಸ್ತಿಲ ದಾಟೂದಿಲ್ಲ. ಮಧ್ಯಾಹ್ನ ನೀವೆಲ್ಲಾ ಉಂಡಿರ್ತೀರಿ, ಆ ಖೋಲಿಗೆ ಕಾಲಿಡೂದಿಲ್ಲ. ಉಣ್ಣಲಾರದ ಉಳಿದವರು ಈ ಮನ್ಯಾಗ ಒಬ್ಬರ. ಸೀಟಿಗೆ ಅತ್ತರ ವಾಸನಿ ಇರಲಿಲ್ಲ, ಒಗ್ಗರಣಿ ವಾಸನಿ ಇತ್ತು. ಇನ್ನ, ಯಾಕ ಅನ್ನೂದು ನನಗ ಗ್ಯಾನಪ್ಪನ ಮಾರಿ ನೋಡಿ ತಿಳೀತು. ಹೊಟ್ಟಿ ಉರಕೊಂಡು ಹತ್ತಿದವಗ ಇಳ್ಯಾಕ ಮನಸಿರಲಿಲ್ಲ."

ಗ್ಯಾನಪ್ಪ ತಲೆ ತಗ್ಗಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಂಕವ್ವ ಮಾತ್ರ ತಗ್ಗಿಸಲಿಲ್ಲ.

"ನಾನ," ಎಂದಳು. "ಕಿಟಕ್ಯಾಗಿಂದ ನೋಡಿ ನೋಡಿ ಗುಂಡಿ ಒತ್ತೂದು ಕಲತೆ. ಒತ್ತಿ, ಎಡಕ್ಕ ಬಂದು ರಂಜಿತಾನ ಜಾಗದಾಗ ಕುಂದ್ರತಿದ್ದೆ. ನಾ ಈ ಮನಿಗೆ ಬಂದಾಗ ಗಿರಣಿ ಅಂದ್ರ ಒಂದು ಮಷೀನು. ಹಮಾಲರಿಗೆಲ್ಲಾ ರೊಟ್ಟಿ ಬಡದಾಕಿ ನಾನು. ಕಾರು ಬಂದ ದಿನ ಆಕಿ ಮುಂದ ಕುಂತ್ಲು, ನಾ ಆರತಿ ತಾಟು ಹಿಡಕೊಂಡು ನಿಂತೆ. ಇಟಗಿ ಗುಡಿಗೆ ಹೋದ್ರಿ, ಸಾಣಾಪುರದ ಕೆರಿಗೆ ಹೋದ್ರಿ. ಡಬ್ಬಿ ಕಟ್ಟಿ ಕೊಟ್ಟೆ. 'ವೈನಿ, ನೀವೂ ಬರ್ರಿ' ಅಂತ ಒಬ್ಬರಾದ್ರೂ ಅಂದ್ರೇನು? ನನ್ನ ಹೊಟ್ಟಿ ಉರೀತು."

"ಅಕ್ಕಾ..." ಎಂದು ರಂಜಿತಾ ಎದ್ದು ನಿಂತಳು.

"ಇವನ್ನ ಕಳ್ಳ ಅಂದಾಗ ಬಾಯಿ ಬಿಡಬೇಕಿತ್ತು. ಬಿಟ್ರ ನೀ ನಗತಿ ಅಂತ ಸುಮ್ಮನಾದೆ."

ಶರಣಬಸಪ್ಪ ಮುಖ ಒರೆಸಿಕೊಂಡ. "ಆಗಿದ್ದಾತು. ಮನಿ ಮಾತು ಮನ್ಯಾಗ ಇರಲಿ. ಮೌಲಾ, ನಾಳಿಂದ ಕೆಲಸಕ್ಕ ಬಾ."

"ಬ್ಯಾಡ್ರಿ ಸಾಹುಕಾರ," ಎಂದ ಮೌಲಾಹುಸೇನ. "ಕಳ್ಳ ಅಂದಿದ್ದು ಅಂಗಳದಾಗ. ಅಲ್ಲ ಅನ್ನೂದು ಪಡಸಾಲ್ಯಾಗ ಆದ್ರ ಊರಿಗೆ ನಾ ಕಳ್ಳನ ಉಳೀತೀನಿ."

ಯಂಕವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲು ದಾಟಿ ನಡೆದಳು. ಗಿರಣಿಯ ಮುಂದೆ ನಿಂತು, "ಮಷೀನ್ ಬಂದ್ ಮಾಡ್ರಿ," ಎಂದಳು. ಸುಗ್ಗಿಯಲ್ಲಿ ನಿಲ್ಲದ ಗಿರಣಿ ನಿಂತಿತು. ಹಮಾಲರು ಚೀಲ ಇಳಿಸಿ ನೋಡಿದರು.

"ಮೌಲಾ ಕಳ್ಳ ಅಲ್ಲ. ಎಣ್ಣಿ ಸುಟ್ಟಾಕಿ ನಾನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ನಂದು."

ಗ್ಯಾನಪ್ಪನಿಗೆ ಕಣ್ಣು ತುಂಬಿಬಂತು. ತನ್ನ ಹೊಟ್ಟೆಕಿಚ್ಚನ್ನು ಹೀಗೆ ನಾಲ್ಕು ಜನರ ಮುಂದೆ ಹೇಳು ಎಂದರೆ ತಾನು ಊರೇ ಬಿಟ್ಟು ಓಡುತ್ತಿದ್ದೆ ಎನ್ನಿಸಿತು. ಶರಣಬಸಪ್ಪ ಒಳಗಿನಿಂದ ತಾನೇ ಕೀಲಿ ತಂದು, ಎಲ್ಲರ ಎದುರಿಗೆ ಮೌಲಾಹುಸೇನನ ಕೈಗಿಟ್ಟ.

ಮೌಲಾಹುಸೇನ ಕೀಲಿ ತೆಗೆದುಕೊಂಡ. ಯಂಕವ್ವನ ಕಡೆ ತಿರುಗಿದ, ಆದರೆ ಮುಖ ನೋಡಲಿಲ್ಲ.

"ಅವ್ವಾರ, ನಿಮ್ಮ ಮ್ಯಾಲಿನ ಸಿಟ್ಟು ಇಳ್ಯಾಕ ನನಗ ಇನ್ನೂ ಸ್ವಲ್ಪ ದಿನ ಬೇಕ್ರಿ," ಎಂದ.

"ಬೇಕಪ್ಪ," ಎಂದಳು ಯಂಕವ್ವ. "ನನಗೂ ಬೇಕು."