ಮಂತ್ರಿಯ ಎದುರಿನ ಕುರ್ಚಿ

"ಏನಪ್ಪಾ, ವಿಷ ಹಾಕಿದೀನಾ ಅಂತ ನೋಡ್ಬೇಕಾ? ಹಾಕೋಳಾಗಿದ್ರೆ ಯಾವತ್ತೋ ಹಾಕ್ತಿದ್ದೆ! ಅವಳಿಗೆ ತುತ್ತು ಕಲಸಿ ತಿನ್ನಿಸಿದೋಳು ನಾನೇ!" ಎಂದು ಅಕ್ಕ ಸೌಟನ್ನು ಭದ್ರತಾ ಸಿಬ್ಬಂದಿಯವನ ಮೂಗಿನ ಮುಂದೆ ಹಿಡಿದಳು. ಪಾಪ, ಅವನು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚಿ, ಕಳ್ಳಬೆಕ್ಕಿನ ಹಾಗೆ ಅಡುಗೆಮನೆಯಿಂದ ಜಾಗ ಖಾಲಿ ಮಾಡಿದ.

ಅವಳ ತಂಗಿ ಅಂದು ಬೆಳಗ್ಗೆ ವಿದೇಶಾಂಗ ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದಳು. ಸಂಜೆ ಅಕ್ಕನ ಮನೆಗೆ ಊಟಕ್ಕೆ ಬರುವವಳಿದ್ದಳು. ಬೀದಿಯ ಎರಡೂ ತುದಿಯಲ್ಲಿ ಪೊಲೀಸರು ನಿಂತಿದ್ದರು. ಚರಂಡಿ ನೀರಿನ ಜಗಳದ ನಂತರ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ಸಕ್ಕರೆ ಕೇಳುವ ನೆಪದಲ್ಲಿ ಎರಡು ಸಲ ಬಂದುಹೋಗಿದ್ದಳು. ಇಂಥ ದಿನ ಅಕ್ಕನಿಗೆ ಹೆಮ್ಮೆಯಿಂದ ಎದೆಯುಬ್ಬಬೇಕಿತ್ತು. ಉಬ್ಬಲಿಲ್ಲ. ಸುಮ್ಮನೆ ಯಾಕೆ ಮುಚ್ಚಿಡಬೇಕು, ಅವಳ ಹೊಟ್ಟೆ ಉರಿಯುತ್ತಿತ್ತು!

ಅದು ಅಧಿಕಾರದ ಮೇಲಿನ ಆಸೆಯಲ್ಲ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಅಕ್ಕನಿಗೆ ಮಂತ್ರಿಗಿರಿ ಕಟ್ಟಿಕೊಂಡು ಏನಾಗಬೇಕು? ಉರಿಗೆ ಕಾರಣ ಗುಬ್ಬಿ. ಗುಬ್ಬಿ ತಂಗಿಯ ಮಗಳು. ತಂಗಿಯ ಗಂಡ ತೀರಿಕೊಂಡಾಗ ಗುಬ್ಬಿಗಿನ್ನೂ ಹಾಲುಹಲ್ಲು. ವಿದೇಶಾಂಗ ಸೇವೆಯಲ್ಲಿದ್ದ ತಂಗಿಯನ್ನು ಸರ್ಕಾರ ಯುದ್ಧ ನಡೆಯುತ್ತಿದ್ದ ದೇಶದ ರಾಯಭಾರ ಕಚೇರಿಗೆ ಕಳಿಸಿತ್ತು. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. "ಒಂದು ವರ್ಷ ನೋಡ್ಕೊಳ್ಳಕ್ಕಾ" ಎಂದು ಮಗುವನ್ನು ಅಕ್ಕನ ಮಡಿಲಿಗೆ ಹಾಕಿ ಹೋದವಳು, ಆಮೇಲೆ ಇನ್ನೊಂದು ದೇಶ, ಮತ್ತೊಂದು ದೇಶ ಎನ್ನುತ್ತಾ ಹೋದಳು. ರಾಯಭಾರಿಯಾದಳು. ಕದನವಿರಾಮದ ಮಾತುಕತೆ ಗೆದ್ದು ಪತ್ರಿಕೆಗಳ ಮುಖಪುಟಕ್ಕೆ ಬಂದಳು. ಇಲಾಖೆಯ ಕಾರ್ಯದರ್ಶಿಯಾಗಿ ನಿವೃತ್ತಳಾದಳು. ಇತ್ತ ಅಕ್ಕ, ನೋಡಲು ಬಂದ ಒಳ್ಳೆಯ ಗಂಡನ್ನೂ ಬೇಡವೆಂದು ವಾಪಸು ಕಳಿಸಿ, ಗುಬ್ಬಿಯ ಜಡೆ ಹೆಣೆದಳು, ಮಗ್ಗಿ ಹೇಳಿಕೊಟ್ಟಳು, ಅವಳ ಕಾಲೇಜಿನ ಪ್ರೇಮಪ್ರಕರಣದ ಕಣ್ಣೀರನ್ನೂ ಒರೆಸಿದಳು. ಆ ಗುಬ್ಬಿ ಇವತ್ತು ಬೆಳಗಿನಿಂದ, "ದೊಡ್ಡಮ್ಮಾ, ಟೀವೀಲಿ ಅಮ್ಮನ್ನ ನೋಡಿದ್ಯಾ? ಅಮ್ಮನ ದನಿ ಒಂಚೂರೂ ನಡುಗ್ಲಿಲ್ಲ ಅಲ್ವಾ?" ಎಂದು ಜಪ ಮಾಡುತ್ತಿದ್ದಳು.

ಮಂತ್ರಿ ಬಂದಳು. ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಅಕ್ಕನನ್ನು ತಬ್ಬಿಕೊಂಡಳು. ಊಟಕ್ಕೆ ಕೂತಾಗ ಅಡುಗೆಯನ್ನು ಹೊಗಳಿದಳು. ಆಮೇಲೆ ನೀರು ಕುಡಿದು, ಗಂಟಲು ಸರಿಮಾಡಿಕೊಂಡಳು.

"ಅಕ್ಕಾ, ಒಂದು ವಿಷಯ ಮಾತಾಡ್ಬೇಕಿತ್ತು. ಬೇರೆ ದೇಶದ ಮಂತ್ರಿಗಳು ದಂಪತಿ ಸಮೇತ ಬರ್ತಾರೆ. ಔತಣ ಕೊಡುವಾಗ ಮೇಜಿನ ಈ ಕಡೆ ನಾನು, ನನ್ನ ಎದುರಿಗೆ ಮನೆಯೊಡತಿ ಅಂತ ಒಬ್ರು ಕೂರ್ಬೇಕು. ಅದು ಪದ್ಧತಿ. ಅವರು ನಮ್ಮನೆಯವರೇ ಆಗಿದ್ರೆ ಚೆನ್ನ. ಸರ್ಕಾರಿ ಬಂಗಲೇಲೇ ಇರ್ಬೇಕಾಗುತ್ತೆ..."

ಅಕ್ಕ ನೆಟ್ಟಗೆ ಕೂತಳು. ಮನೆಯೊಡತಿ! ಕೊನೆಗೂ ಇವಳಿಗೆ ಬುದ್ಧಿ ಬಂತಲ್ಲ! 'ಅಯ್ಯೋ, ನನಗೆ ಆ ಚಮಚ, ಮುಳ್ಳುಚಮಚ ಎಲ್ಲ ಎಲ್ಲಿ ಗೊತ್ತಾಗುತ್ತೆ ಕಣೇ' ಎಂಬ ಮಾತು ತುಟಿಯವರೆಗೆ ಬಂತು. ಎಡಗೈ ತಾನಾಗಿ ಸೆರಗನ್ನು ಸರಿಮಾಡಿತು. ಅಷ್ಟರಲ್ಲಿ ಮಂತ್ರಿ ಮಗಳ ಕಡೆ ತಿರುಗಿದಳು.

"ಬರ್ತೀಯಾ ಗುಬ್ಬೀ?"

ಗುಬ್ಬಿಯ ಮುಖ ಬೆಳಗಿತು. ಅಕ್ಕನ ಮುಖ ಕಪ್ಪಿಟ್ಟಿತು. ಕಲಸಿದ ತುತ್ತು ತಟ್ಟೆಯಲ್ಲೇ ಉಳಿಯಿತು.

"ಅದಕ್ಕೇನು, ಕರ್ಕೊಂಡು ಹೋಗು," ಎಂದಳು ಅಕ್ಕ, ದನಿಯಲ್ಲಿ ಖಾರ ತುಂಬಿಕೊಂಡು. "ಬೆಳೆಸೋ ಕಷ್ಟ ಎಲ್ಲ ಮುಗೀತಲ್ಲ. ಇನ್ನು ಮೇಜಿನ ಮುಂದೆ ಕೂರಿಸಿ ತೋರಿಸೋದಷ್ಟೇ ಬಾಕಿ!"

"ದೊಡ್ಡಮ್ಮಾ! ಯಾಕೆ ಹಾಗಂತೀಯಾ?" ಗುಬ್ಬಿಯ ಕಣ್ಣು ತುಂಬಿ ಬಂತು. "ಅಮ್ಮ ಏನೂ ಮಾಡಿಲ್ವಾ? ನಂಗೆ ಜ್ವರ ಬಂದು ಫಿಟ್ಸ್ ಆಗಿತ್ತಲ್ಲ, ಆಗ ಆ ಕದನವಿರಾಮದ ಮಾತುಕತೆ ಬಿಟ್ಟು ಓಡಿಬಂದಿರ್ಲಿಲ್ವಾ? ರಾತ್ರಿಯಿಡೀ ಹಣೆ ಮೇಲೆ ಕೈ ಇಟ್ಕೊಂಡು ಕೂತಿದ್ದಳಲ್ಲ! ಆ ತಣ್ಣನೆ ಕೈ ನಂಗೆ ಈಗಲೂ ನೆನಪಿದೆ..."

ತಂಗಿ ತಲೆ ತಗ್ಗಿಸಿದಳು.

ತಂಗಿ ಆಗ ಬಂದಿರಲಿಲ್ಲ. ಸಹಿ ಬೀಳುವವರೆಗೆ ಯಾರೂ ಕೊಠಡಿ ಬಿಡುವಂತಿರಲಿಲ್ಲವಂತೆ. ಗುಬ್ಬಿಯ ಹಣೆಯ ಮೇಲಿದ್ದದ್ದು, ಒದ್ದೆ ಬಟ್ಟೆ ಹಿಂಡಿ ಹಿಂಡಿ ತಣ್ಣಗಾಗಿದ್ದ ಅಕ್ಕನ ಕೈ! ಆದರೆ ಮಗು ಕಣ್ಣು ಬಿಟ್ಟು "ಅಮ್ಮ ಬಂದ್ಲಾ?" ಎಂದು ಕೇಳಿದಾಗ, ಆ ಬಾಡಿದ ಮುಖ ನೋಡಲಾಗದೆ, "ಬಂದಿದ್ಲು ಕಂದಾ, ನೀನು ಮಲಗಿದ್ದೆ, ಬೆಳಗ್ಗೆ ಹೋದ್ಲು" ಎಂದಿದ್ದಳು. ತಂಗಿಗೂ ಫೋನಿನಲ್ಲಿ ಹಾಗೇ ಹೇಳೆಂದಿದ್ದಳು. ಆ ಒಂದು ಸುಳ್ಳಿನ ಮೇಲೆ ಗುಬ್ಬಿ ಅಮ್ಮನನ್ನು ಇಷ್ಟು ವರ್ಷ ಪ್ರೀತಿಸಿದ್ದಳು. ಈಗ ಒಂದೇ ಮಾತು ಸಾಕು, ಅವಳು ಎಲ್ಲಿಗೂ ಹೋಗುವುದಿಲ್ಲ...

ಅಕ್ಕ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ತಂಗಿ ಹಿಂದೆಯೇ ಬಂದು ಬಾಗಿಲು ಓರೆ ಮಾಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ..."

"ಬೀಳು! ಹೊರಗೆ ಫೋಟೋದವ್ರಿದಾರೆ, ಕರೀತೀನಿ!"

"ಗುಬ್ಬಿಗೆ ಹೀಗೆ ಹೇಳಿದ್ರೆ ಹೇಗೆ? ಅಮ್ಮ ಹೊರಟಿದ್ಲು, ಬರೋಕೆ ಎಲ್ಲ ಪ್ರಯತ್ನಾನೂ ಮಾಡಿದ್ಲು, ಪರಿಸ್ಥಿತಿ ಅವಳ ಕೈಲಿರಲಿಲ್ಲ ಅಂತ. ಅದರಲ್ಲಿ ಸುಳ್ಳೂ ಇಲ್ಲ, ಇಬ್ಬರಿಗೂ ಅವಮಾನಾನೂ ಇಲ್ಲ..."

"ನನ್ನ ಅಡುಗೆಮನೇಲಿ ಒಪ್ಪಂದ ಬರೀಬೇಡ ಕಣೇ!" ಅಕ್ಕ ಪಾತ್ರೆಯನ್ನು ಕುಕ್ಕಿದಳು. "ನೀನು ಹೊರಟೇ ಇರ್ಲಿಲ್ಲ. ನನ್ನ ಕೈಯನ್ನೂ ನಿನ್ನ ಕೈ ಅಂತ ಬಿಟ್ಟುಕೊಟ್ಟೆ. ಇನ್ನೇನು ಬೇಕು ನಿನಗೆ? ನನಗೆ ಅಂತ ಇರೋದು ಅವಳೊಬ್ಬಳೇ!"

ತಂಗಿ ನೆಲದ ಮೇಲೆ ಕುಸಿದಳು. "ನಿಂಗೊಬ್ಬಳಿಗೇ ಹೊಟ್ಟೆ ಉರಿಯೋದು ಅಂದ್ಕೊಂಡಿದೀಯಾ? ಎಷ್ಟೋ ದೊರೆಗಳ ಮಕ್ಕಳ ಹುಟ್ಟಿದಹಬ್ಬ ನಂಗೆ ಬಾಯಿಪಾಠ ಇದೆ. ನನ್ನ ಮಗಳು ಟೀಗೆ ಸಕ್ಕರೆ ಹಾಕ್ಕೋತಾಳೋ ಇಲ್ವೋ ಗೊತ್ತಿಲ್ಲ. ಅವಳು ಎಡವಿದ್ರೆ 'ದೊಡ್ಡಮ್ಮಾ' ಅಂತಾಳೆ. ಒಂದ್ಸಲಾನೂ 'ಅಮ್ಮಾ' ಅಂದಿಲ್ಲ ಅಕ್ಕಾ! ನಿನ್ನ ನೋಡಿದಾಗೆಲ್ಲ ಕರುಳು ಸುಡುತ್ತೆ..." ಸಭೆಗಳಲ್ಲಿ ನಡುಗದ ಆ ದನಿ ಬಿಕ್ಕುತ್ತಿತ್ತು.

ಬಾಗಿಲು ತೆರೆಯಿತು. ಗುಬ್ಬಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ, ಮುಖ ಬಿಳಿಚಿತ್ತು. ಅವಳು ಅಮ್ಮನನ್ನು ಕೇಳಲಿಲ್ಲ. ನಿಜ ಬೇಕಾದಾಗ ಅವಳು ಕೇಳುತ್ತಿದ್ದದ್ದು ಒಬ್ಬಳನ್ನೇ.

"ದೊಡ್ಡಮ್ಮಾ, ಅವತ್ತು ಬಂದಿದ್ದು ಅಮ್ಮಾನೇ ಅಲ್ವಾ?"

ಅಕ್ಕನ ನಾಲಿಗೆಯ ತುದಿಯಲ್ಲಿ ನಿಜ ಕೂತಿತ್ತು. ಹೇಳಿಬಿಡು, ನಿನ್ನ ಗುಬ್ಬಿ ನಿನಗೇ ಉಳಿಯುತ್ತಾಳೆ ಎಂದು ಒಡಲು ಕೂಗಿತು. ಆದರೆ ಆ ಹುಡುಗಿಯ ಕಣ್ಣಲ್ಲಿ ಜ್ವರದಿಂದೆದ್ದ ಮಗು ಮತ್ತೆ ಕಾಯುತ್ತಿತ್ತು. ಆಗ ನೋಡಲಾಗದ್ದನ್ನು ಈಗ ನೋಡಲು ಅವಳಿಂದಾದೀತೇ?

"ಮತ್ತಿನ್ಯಾರು?" ಎಂದಳು ಅಕ್ಕ. "ವಿಮಾನ ಇಳಿದು ಅದೇ ಬಟ್ಟೇಲಿ ಬಂದಿದ್ಲು. ನಾನು ಪಕ್ಕದ ಕೋಣೇಲಿ ಗೊರಕೆ ಹೊಡೀತಿದ್ದೆ. ಹೋಗು, ಬಟ್ಟೆ ಜೋಡಿಸ್ಕೋ."

ಗುಬ್ಬಿ ಅವಳನ್ನು ಬಿಗಿದಪ್ಪಿ ಮುತ್ತಿಟ್ಟು ಕೋಣೆಗೆ ಓಡಿದಳು. ತಂಗಿ ಅಕ್ಕನ ಕೈ ಹಿಡಿದುಕೊಂಡಳು. ಅಕ್ಕ ಕೈ ಬಿಡಿಸಿಕೊಂಡಳು.

"ನಿನ್ನ ಮೇಲಿನ ಪ್ರೀತಿಗೆ ಅಂದ್ಕೋಬೇಡ. ನನಗಿನ್ನೂ ಹೊಟ್ಟೆ ಉರೀತಾನೇ ಇದೆ. ಒಂದು ಮಾತು ಕೊಡು. ಇನ್ನು ಅವಳಿಗೆ ಜ್ವರ ಬಂದ್ರೆ ನನ್ನ ಕರೀಬೇಡ. ನೀನೇ ಕೂತ್ಕೋ. ಯಾವ ದೇಶದ ದೊರೆ ಬಾಗಿಲಲ್ಲಿ ನಿಂತಿದ್ರೂ ನಿಂತಿರ್ಲಿ."

"ಕೂತ್ಕೋತೀನಿ ಅಕ್ಕಾ," ಎಂದಳು ಮಂತ್ರಿ.

ಕಾರುಗಳು ಹೊರಟವು. ಪೊಲೀಸರೂ ಹೋದರು. ಅಕ್ಕ ಒಬ್ಬಳೇ ಪಾತ್ರೆ ತೊಳೆಯಲು ನಿಂತಳು. ಗುಬ್ಬಿಗೆ ಎಂದೂ ಜ್ವರವೇ ಬಾರದಿರಲಿ ಎಂದು ಅವಳು ಹರಸಬೇಕಿತ್ತು, ಹರಸಿದಳು ಕೂಡ. ಆದರೆ ಆ ಹಾಳು ಮನಸ್ಸು ಅಷ್ಟಕ್ಕೆ ಸುಮ್ಮನಿರಲಿಲ್ಲ. ಬಂದರೆ... ಬರಬಾರದು, ಆದರೂ ಬಂದರೆ... ಹಣೆಯ ಮೇಲೆ ಹೆತ್ತವಳ ಕೈ ಇರುವಾಗಲೇ, ಆ ಹುಡುಗಿ ಒಂದೇ ಒಂದು ಸಲ "ದೊಡ್ಡಮ್ಮಾ" ಎಂದು ಕನವರಿಸಲಿ ಎಂದು ಅದು ಬೇಡಿಕೊಳ್ಳುತ್ತಿತ್ತು.